ಸೋರೆಕಾಯಿ ಅಳುವುದಿಲ್ಲ

ಹಚ್ಚೆ ಹಾಕುವ ಹುಲಿಗೆವ್ವನ ಗುರುಕುಲ ಎಂದರೆ ಹೊಳೆದಂಡೆಯ ಒಂದು ಹುಣಸೆಮರ. ಶಿಷ್ಯೆಯೂ ಒಬ್ಬಳೇ, ಕೆಂಚಿ.

ಮೂರು ವರ್ಷದಿಂದ ಸೋರೆಕಾಯಿಯ ಮೇಲೆ ಸೂಜಿ ಆಡಿಸಿ ಅವಳು ತೊಟ್ಟಿಲು, ಚೇಳು, ತಾವರೆ ಎಲ್ಲ ಕಲಿತಿದ್ದಳು. ಕೈ ಪಳಗಿತ್ತು. ಬಾಯಿ ಅದಕ್ಕಿಂತ ಹೆಚ್ಚು ಪಳಗಿತ್ತು.

“ಯವ್ವಾ, ನಿನಗ ನಿನ್ನ ಗುರು ಕಲಿಸಿದಳು, ಆಕಿಗೆ ಆಕಿ ಗುರು. ಹಿಂಗ ಹಿಂದಕ್ಕ ಹೋದರ, ಸೂಜಿನೂ ಇಲ್ಲದ ಕಾಲದಾಗ, ಮುಳ್ಳು ಹಿಡಿದು ಮೊದಲನೇ ಹಚ್ಚಿ ಹಾಕಿದಾಕಿ ಯಾರು?”

ಇದು ದಿನಕ್ಕೊಮ್ಮೆ ಬರುವ ಪ್ರಶ್ನೆ.

“ನೀ ಮೊದಲು ಒಂದು ಹಾಕು. ಆಮ್ಯಾಲೆ ಹೇಳ್ತೀನಿ.”

ಆ ದಿನ ಬಂದೇ ಬಂತು. ಮರುದಿನ ಅರಿಶಿನ ಹಚ್ಚಿಸಿಕೊಳ್ಳಬೇಕಾದ ಮದುಮಗಳು ಸಾವಂತ್ರಿಯನ್ನು ಅವಳ ತಾಯಿ ಕರೆತಂದಳು. ಹುಲಿಗೆವ್ವ ಸೂಜಿಯನ್ನು ಶಿಷ್ಯೆಯ ಕೈಗಿತ್ತಳು. ಕೆಂಚಿಗೆ ಹಿಗ್ಗೋ ಹಿಗ್ಗು.

ದೀಪದ ಮಸಿಯಲ್ಲಿ ಸೂಜಿ ಅದ್ದಿ ಮೊದಲ ಚುಕ್ಕಿ ಇಟ್ಟಳು. ಸಾವಂತ್ರಿ ಚಿಟ್ಟನೆ ಚೀರಿ ಕೈ ಕಿತ್ತುಕೊಂಡಳು.

“ಅಳಬ್ಯಾಡ. ಇರುವಿ ಕಚ್ಚಿದಷ್ಟೇ ನೋವು,” ಎಂದಳು ಕೆಂಚಿ.

“ನಿನಗ ಹ್ಯಾಂಗ ಗೊತ್ತು? ನಿನ್ನ ಕೈಯಾಗ ಒಂದೂ ಇಲ್ಲಲ್ಲ!”

ಕೆಂಚಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮಾತು ನಿಜವೇ. ಗುರುವಿನ ಮೈತುಂಬ ಹಚ್ಚೆ. ಶಿಷ್ಯೆ ಮಾತ್ರ ಮೂರು ವರ್ಷವೂ ಇವತ್ತು ಜ್ವರ, ನಾಳೆ ಕೆಲಸ ಎಂದು ತಪ್ಪಿಸಿಕೊಂಡು ಬಂದಿದ್ದಳು.

“ಒಂದೇ ಚುಕ್ಕಿ ಹೊತ್ತು ಗಂಡನ ಮನಿಗೆ ಹೋಗಬೇಕೇನು ನನ್ನ ಮಗಳು?” ತಾಯಿ ಸಿಡುಕಿದಳು. “ಇನ್ನ ಊರಾಗ ಈಕಿ ಮುಂದ ಯಾರು ಕೈ ಚಾಚತಾರ ನೋಡ್ತೀನಿ.”

ಕೆಂಚಿಗೆ ಅಳುವೇ ಬಂತು. “ಸೋರಿಕಾಯಿ ಅಳತಿದ್ದಿಲ್ಲ ಯವ್ವಾ...”

ಹುಲಿಗೆವ್ವ ಬುಟ್ಟಿಯಿಂದ ಇನ್ನೊಂದು ಸೂಜಿ ತೆಗೆದು ಶಿಷ್ಯೆಯ ಬಲಗೈಗೆ ಕೊಟ್ಟಳು. ಅವಳ ಎಡಗೈಯನ್ನು ಸೆರಗಿನಿಂದ ಹೊರಗೆಳೆದಳು.

ಕೆಂಚಿ ಹಲ್ಲು ಕಚ್ಚಿ ತನ್ನ ಕೈಗೇ ಚುಚ್ಚಿಕೊಂಡಳು.

“ಯಪ್ಪಾ! ಇರುವಿ ಅಲ್ಲ, ಚೇಳಿದು!”

ಸಾವಂತ್ರಿ ಅಳು ಮರೆತು ಕಿಸಕ್ಕನೆ ನಕ್ಕಳು.

ಹತ್ತನೆಯ ಚುಕ್ಕಿಯ ಹೊತ್ತಿಗೆ ಕೆಂಚಿಯ ನರಳಾಟ ತಾನಾಗಿಯೇ ಹಾಡಾಗಿತ್ತು. ಕೈಮೇಲೆ ಸೊಟ್ಟ ತಾವರೆಯೊಂದು ಮೂಡುವಷ್ಟರಲ್ಲಿ ಸಾವಂತ್ರಿ ಹತ್ತಿರ ಸರಿದು ಕೈ ಚಾಚಿದ್ದಳು.

“ನನಗೂ ಹಾಕು. ಹಾಡು ಮಾತ್ರ ನಿಲ್ಲಿಸಬ್ಯಾಡ ಮತ್ತ.”

ಸಂಜೆ ತಾಯಿ ಮಗಳು ನಗುತ್ತ ಹೊರಟರು. ಕೆಂಚಿ ಬಾತ ಕೈಯನ್ನು ಹೊಳೆನೀರಿನಲ್ಲಿ ಅದ್ದಿಕೊಂಡು ಕೂತಳು.

“ಈಗರೆ ಹೇಳು ಯವ್ವಾ. ಮೊದಲನೇ ಹಚ್ಚಿ ಹಾಕಿದಾಕಿ ಯಾರು?”

“ಆಕಿ ಹೆಸರು ನನಗೂ ಗೊತ್ತಿಲ್ಲ,” ಎಂದಳು ಹುಲಿಗೆವ್ವ. “ಯಾರ ಕೈಗೆ ಹಾಕಿದಳು ಅನ್ನೋದು ಮಾತ್ರ ಈಗ ನಿನಗೂ ಗೊತ್ತಾತು.”