ಸುಣ್ಣಗಾರ್ತಿ ಚಿಕ್ಕೀರಿಯ ಉತ್ತರ

"ತಾವರೆಕೋಟೆಯ ಪ್ರಜೆಗಳೆಲ್ಲ ಕೇಳಿ! ಒಡೆದುಹೋದ ಹಿರಿಕೆರೆಯ ಏರಿಯನ್ನು ಮತ್ತೆ ಕಟ್ಟಿಸಲು ರಾಣಿ ಹೊನ್ನಬ್ಬೆಯವರ ಅಪ್ಪಣೆಯಾಗಿದೆ. ಪಟ್ಟಣದ ಯಾವುದೇ ಕೆಲಸದಲ್ಲಿ ಮೂರರಲ್ಲೊಂದು ಪಾಲು ಸ್ವಂತ ಕಸುಬು ನಡೆಸುವ ಹೆಂಗಸರಿಗೂ ಕೋಟೆಯಾಚೆಯ ಕೇರಿಗಳವರಿಗೂ ಸೇರಬೇಕೆಂಬುದು ಹಳೆಯ ಕಟ್ಟಳೆ. ಈ ಸಲ ಗುತ್ತಿಗೆ ಬೇಡುವವರು ಮೊದಲು ರಾಣಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಗುತ್ತಿಗೆ, ತಪ್ಪಿದವರಿಗೆ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಕೇರಿ ದಾಟಿದಾಗ ಚಿಕ್ಕೀರಿ ಆರಿದ ಸುಣ್ಣದ ಗೂಡಿನ ಬಾಯಲ್ಲಿ ಕೂತು ಬೂದಿ ತೆಗೆಯುತ್ತಿದ್ದಳು. ಆ ಗೂಡು ಅವಳ ತಾಯಿ ಕೆಂಚಮ್ಮನದು. ಗಂಡ ಸತ್ತ ಮೇಲೆ ಕೆಂಚಮ್ಮ ಒಬ್ಬಳೇ ಕಲ್ಲು ಹೊತ್ತು, ಸೌದೆ ಒಟ್ಟಿ, ಸುಣ್ಣ ಸುಟ್ಟು ಮಗಳನ್ನು ಸಾಕಿದ್ದಳು. ಕೇರಿಯ ಎಷ್ಟೋ ಗೋಡೆಗಳಿಗೆ ಅವಳದೇ ಸುಣ್ಣ. ಅರಮನೆಯವರು ಮಾತ್ರ ಅವಳ ಗೂಡಿನ ಕಡೆ ತಲೆ ಹಾಕಿರಲಿಲ್ಲ.

ಹಿಂದೆ ಆ ಏರಿಯನ್ನು ಮೊದಲು ಕಟ್ಟಿಸುವಾಗ ಒಂದು ದಿನ ದೊಡ್ಡ ಗುತ್ತಿಗೆದಾರ ತಿಮ್ಮರಸ ತಾನಾಗಿ ಬಂದಿದ್ದ. "ಕೆಂಚಮ್ಮ, ಕೆರೆ ಏರಿಗೆ ಸುಣ್ಣ ಕೊಡುವವಳು ನೀನೇ ಅಂತ ಹೇಳಿದ್ದೇನೆ. ಆಸ್ಥಾನದಲ್ಲಿ ಕೇಳಿದರೆ ಹೌದು ಅನ್ನು, ಸಾಕು," ಎಂದ. ಕೆಂಚಮ್ಮ ಹಿಗ್ಗಿ ಹೋದಳು. ಮಗಳ ಮದುವೆಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟು ಆಸ್ಥಾನದಲ್ಲಿ ನಿಂತಳು. ರಾಣಿ ಕೇಳಿದರು, ಹೌದು ಅಂದಳು.

ಆಮೇಲೆ ಸುಣ್ಣಕ್ಕೆಂದು ಒಂದು ಗಾಡಿಯೂ ಬರಲಿಲ್ಲ. ತಿಮ್ಮರಸ ತನ್ನ ಭಾವಮೈದುನನಿಂದ ಬೂದಿ ಬೆರೆತ ಸುಣ್ಣ ತರಿಸಿ ಏರಿ ಮುಗಿಸಿದ. ಮೊದಲ ಜೋರು ಮಳೆಗೇ ಏರಿ ಒಡೆಯಿತು. ಕೆಳಗಿನ ಕೇರಿ ಮಲಗಿದ್ದಂತೆಯೇ ಕೊಚ್ಚಿಹೋಯಿತು. ಸುಣ್ಣ ಯಾರದು ಎಂದು ವಿಚಾರಿಸಿದಾಗ ಕೆಂಚಮ್ಮನ ಹೆಸರು ಬಂತು.

"ನಾನು ಒಂದು ಹಿಡಿಯೂ ಕೊಟ್ಟಿಲ್ಲ ತಾಯೀ," ಎಂದು ಅವಳು ಅತ್ತಳು.

"ಅವತ್ತು ಹೌದು ಅಂದವಳು ನೀನೇ ತಾನೆ?" ಎಂದು ರಾಣಿ ಅವಳನ್ನು ಸೆರೆಗೆ ಹಾಕಿಸಿದರು. ಮಗಳು ಗಂಜಿ ಹೊತ್ತು ಹೋದ ಒಂದು ಬೆಳಗ್ಗೆ ಕಾವಲಿನವನು ಬಾಗಿಲು ತೆರೆಯಲಿಲ್ಲ. "ಇನ್ನು ತರಬೇಡಮ್ಮ," ಅಂದ.

ಈಗ ಚಿಕ್ಕೀರಿ ಕೈ ತೊಳೆದು ಎದ್ದಳು. ನೆರೆಮನೆಯಲ್ಲಿ ಸುಣ್ಣ ಸುಡುವ ನಂಜಕ್ಕ ಸೆರಗು ಹಿಡಿದಳು. "ಹೋಗಬ್ಯಾಡ ಕಣೆ. ನಿನ್ನನ್ನೂ ಕಳಕೊಳ್ಳಕ್ಕೆ ನನ್ನ ಕೈಲಾಗಲ್ಲ."

"ಅವ್ವನ ಮಾತು ಅಲ್ಲಿ ಯಾರೂ ಕೇಳಲಿಲ್ಲ ಅಕ್ಕಾ. ಒಂದು ಸಲ ಆಡಿ ಬರ್ತೀನಿ," ಎಂದು ಬಿಡಿಸಿಕೊಂಡು ಹೊರಟಳು.

ಆಸ್ಥಾನ ಕಿಕ್ಕಿರಿದಿತ್ತು. ಪಕ್ಕದ ಪಟ್ಟಣದಿಂದ ಬಂದ ಸಾಂತಪ್ಪನೆಂಬ ಗುತ್ತಿಗೆದಾರ ಮೊದಲು ಮುಂದೆ ಬಂದ. ರಾಣಿ ಕೇಳಿದರು: "ಒಬ್ಬ ಹೆಂಗಸಿದ್ದಾಳೆ. ಪಟ್ಟಣದ ಕೆಲಸಗಳಲ್ಲೆಲ್ಲ ಅವಳಿದ್ದಾಳೆ, ಕೆಲಸದವರು ಯಾರೂ ಅವಳನ್ನು ಕಂಡಿಲ್ಲ. ಪಂಕ್ತಿಯಲ್ಲಿ ಅವಳಿಗೂ ಎಲೆ ಹಾಕಿದೆ, ಉಂಡು ಏಳುವವರು ಬೇರೆ. ಯಾರವಳು?"

"ನೆರಳು, ಮಹಾತಾಯಿ," ಎಂದ ಸಾಂತಪ್ಪ ನಗುತ್ತ. ರಾಣಿ ಅಲ್ಲವೆಂದು ತಲೆಯಾಡಿಸಿದರು. ಭಟರು ಅವನ ತೋಳು ಹಿಡಿದಾಗಲೂ ಆ ನಗು ಮುಖದಿಂದ ಪೂರ್ತಿ ಅಳಿಸಿಹೋಗಿರಲಿಲ್ಲ.

ನಂತರ ತಿಮ್ಮರಸನ ಸರದಿ. ಅದೇ ಒಗಟು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಉತ್ತರ ಅವನಿಗೆ ಗೊತ್ತಿದೆಯೆಂದು ಚಿಕ್ಕೀರಿಗೆ ಅನ್ನಿಸಿತು. ಅದನ್ನು ಹೇಳಿದರೆ ತನ್ನ ಬಾಯಿಂದಲೇ ತನ್ನ ತಪ್ಪು ಒಪ್ಪಿಕೊಂಡಂತೆ. ಅವನು ತುಟಿ ಒದ್ದೆ ಮಾಡಿಕೊಂಡು, "ಭೂದೇವಿ," ಎಂದ. ಅವನನ್ನೂ ಎಳೆದೊಯ್ದರು.

ಚಿಕ್ಕೀರಿ ಮುಂದೆ ಬಂದಳು. "ಅವಳು ಹೆಸರಿಗೆ ಮಾತ್ರ ಪಾಲು ಪಡೆದವಳು ತಾಯೀ. ಕಟ್ಟಳೆ ನಡೆಸಿದೆವು ಅಂತ ತೋರಿಸೋಕೆ ಅವಳ ಹೆಸರು ಬೇಕು, ಕೆಲಸ ಕೊಡೋಕೆ ಅವಳು ಬೇಡ. ನಮ್ಮವ್ವ ಕೆಂಚಮ್ಮ ಹಾಗಿದ್ದಳು."

ರಾಣಿ ಎರಡನೆಯದನ್ನು ಕೇಳಿದರು: "ಒಂದು ಬಾಗಿಲು ಸದಾ ತೆರೆದಿದೆ, ಕಾವಲಿಲ್ಲ. ಆದರೂ ಒಮ್ಮೆ ಒಳಗೆ ಹೋಗಿಬಂದವರಷ್ಟೇ ಒಳಗೆ ಹೋಗಬಲ್ಲರು. ಯಾವುದದು?"

"ಅರಮನೆಯ ಗುತ್ತಿಗೆ. ಯಾರು ಬೇಕಾದರೂ ಬನ್ನಿ ಅಂತೀರಿ. ಹೋದರೆ, ಮೊದಲು ಅರಮನೆಗೆ ಏನು ಕಟ್ಟಿದ್ದೀಯ ಅಂತ ಕೇಳ್ತಾರೆ. ಕಟ್ಟೋಕೆ ಬಿಟ್ಟರಲ್ಲವೇ ಕಟ್ಟೋದು? ಅವ್ವ ಹಾಗೇ ಹೋಗಿ ಹೋಗಿ ವಾಪಸ್ ಬರ್ತಿದ್ದಳು."

ರಾಣಿಯ ದನಿ ತಗ್ಗಿತು. "ಒಂದು ಬಾಯಿ ಒಮ್ಮೆ ಹೌದು ಅಂದಿತು, ಇನ್ನೊಮ್ಮೆ ಅಲ್ಲ ಅಂದಿತು. ಆ ಬಾಯಿಯವಳು ಸತ್ತಳು. ತಪ್ಪು ಯಾರದು?"

ತಿಮ್ಮರಸನದು ಎಂದುಬಿಟ್ಟರೆ ಎಲ್ಲರೂ ಒಪ್ಪುತ್ತಿದ್ದರು. ಚಿಕ್ಕೀರಿ ತಲೆಯೆತ್ತಿ ರಾಣಿಯನ್ನೇ ನೋಡಿದಳು.

"ಕೇಳಿದವರದು ತಾಯೀ. ಹೌದೋ ಅಂದಿರಿ, ಹೌದು ಅಂದಳು. ನಿನ್ನ ಗೂಡೆಲ್ಲಿ, ಎಷ್ಟು ಸುಡ್ತೀಯ, ಯಾರು ಒಯ್ತಾರೆ ಅಂತ ಕೇಳಿದ್ದರೆ ಬರೀ ಹೆಸರು ಅಂತ ಅವತ್ತೇ ತಿಳೀತಿತ್ತು. ಆಮೇಲೆ ನಿಜ ಹೇಳಿ ಅತ್ತಾಗಲೂ ನೀವು ಕೇಳಲಿಲ್ಲ."

ಭಟರ ಕೈ ಕತ್ತಿಗೆ ಹೋಯಿತು. ರಾಣಿ ಬೇಡವೆಂದು ಸನ್ನೆ ಮಾಡಿ ಮೆಟ್ಟಿಲಿಳಿದು ಬಂದರು.

"ನಿನ್ನ ತಾಯಿ ತೀರಿಕೊಂಡ ಸುದ್ದಿ ಬಂದ ಮೇಲೆ ಈ ಒಗಟು ಕಟ್ಟಿದೆ ಮಗಳೇ. ಉತ್ತರ ನನಗೆ ಗೊತ್ತಿತ್ತು. ಹೇಳುವ ಬಾಯಿ ಸಿಕ್ಕಿರಲಿಲ್ಲ," ಎಂದರು. "ಏರಿಯ ಗುತ್ತಿಗೆ ನಿನ್ನದು. ಇನ್ನೇನು ಬೇಕು?"

"ಆ ಇಬ್ಬರ ತಲೆ ತೆಗೀಬೇಡಿ. ನಮ್ಮ ಕೇರೀಲಿ ಹೆಣ ಹೊತ್ತು ಸಾಕಾಗಿದೆ."

ತಲೆಗಳು ಉಳಿದವು. ತಿಮ್ಮರಸನಿಗೆ ಮಾತ್ರ ಸೆರೆಯಾಯಿತು. ಏರಿಯ ಕೆಲಸ ಶುರುವಾಗುವ ಮುಂಚೆ ರಾಣಿ ತಾವೇ ಕೇರಿಗೆ ನಡೆದು ಬಂದು ಒಂದೊಂದು ಗೂಡಿನ ಮುಂದೆಯೂ ನಿಂತು ವಿಚಾರಿಸಿದರು. ನಂಜಕ್ಕನಂಥ ಹೆಂಗಸರು ಮೊದಲ ಸಲ ಅರಮನೆಯ ಗಾಡಿಗೆ ಸುಣ್ಣ ತುಂಬಿದರು. ಏರಿ ಗಟ್ಟಿಯಾಗಿ ನಿಂತಿತು.

ಕೆರೆ ತುಂಬಿದ ದಿನ ಮೊದಲ ಬಾಗಿನ ಅರ್ಪಿಸಲು ರಾಣಿ ಚಿಕ್ಕೀರಿಗೆ ಹೇಳಿಕಳಿಸಿದರು. "ಅವರೇ ಬಿಡಲಿ. ಗೂಡಿಗೆ ಬೆಂಕಿ ಹಾಕಿದ್ದೀನಿ, ಬಿಟ್ಟು ಬರೋಕಾಗಲ್ಲ ಅನ್ನಿ," ಎಂದಳು ಚಿಕ್ಕೀರಿ. ಊರೆಲ್ಲ ಏರಿ ಹತ್ತಿ ನೀರು ನೋಡಿ ಬಂತು. ಅವ್ವನನ್ನು ನುಂಗಿದ ಆ ಏರಿಯನ್ನು, ಕೆಲಸ ಮುಗಿದ ಮೇಲೆ, ಅವಳು ಬದುಕಿದ್ದಷ್ಟು ಕಾಲವೂ ಹತ್ತಲಿಲ್ಲ.