ನಾನೂರ ಹನ್ನೆರಡು ಎಚ್ಚರಿಕೆಗಳು

ಕೆರೆಯ ಏರಿಯ ಪಕ್ಕದಲ್ಲಿ ಒಂದು ಆಶ್ರಮ. ಅಲ್ಲಿ ಗುರು ಸಿದ್ದಗಂಗಮ್ಮ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು.

ಆ ಕೆರೆಯ ತೂಬನ್ನು ನಲವತ್ತು ವರ್ಷದಿಂದ ನೀರಗಂಟಿ ಸಣ್ಣೀರಪ್ಪ ಕೈಯಲ್ಲೇ ತೆರೆದು ಮುಚ್ಚುತ್ತಿದ್ದ. ಇನ್ನು ಆ ಕೆಲಸ ಮೋಟಾರಿನದು. ಯಾವಾಗ ತೆರೆಯಬೇಕು ಎಂದು ಮೋಟಾರಿಗೆ ಹೇಳುವ ಪ್ರೋಗ್ರಾಂ ಬರೆದವನು ಶಿಷ್ಯ ವಸುಪಾಲ.

ಮಳೆಗಾಲ ಹತ್ತಿರ ಬಂದಿತ್ತು. ನಾಡಿದ್ದು ತೂಬು ಪ್ರೋಗ್ರಾಮಿನ ವಶಕ್ಕೆ ಹೋಗಬೇಕು. ಅದರಲ್ಲಿ ತಪ್ಪಿದ್ದರೆ ಏರಿಯ ಕೆಳಗಿನ ಊರು ಮುಳುಗುತ್ತದೆ.

ಅದಕ್ಕೇ ವಸುಪಾಲ ಇನ್ನೊಂದು ಪ್ರೋಗ್ರಾಂ ಬರೆದಿದ್ದ. ಮೊದಲನೆಯದನ್ನು ನಡೆಸದೆಯೇ ಸಾಲುಸಾಲಾಗಿ ಓದುವುದು, ಪ್ರತಿ ಅಂಕಿ ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿ ತಪ್ಪು ಹುಡುಕುವುದು ಅದರ ಕೆಲಸ. ಅದಕ್ಕೆ ತಪಾಸಿಗ ಎಂದು ಹೆಸರಿಟ್ಟಿದ್ದ.

"ಅಮ್ಮ, ತಪಾಸಿಗ ನಾನೂರ ಹನ್ನೆರಡು ಎಚ್ಚರಿಕೆ ಕೊಟ್ಟಿದೆ," ಎಂದ ಹೆಮ್ಮೆಯಿಂದ.

"ಎಲ್ಲ ಓದಿದೆಯಾ?"

"ಮೊದಲ ಮೂವತ್ತು ಓದಿದೆ. ಈ ಹೆಸರು ಉದ್ದ ಆಯಿತು, ಆ ಸಾಲು ಖಾಲಿ ಬಿಟ್ಟಿದೆ, ಬರೀ ಅಂಥವೇ. ಮಿಕ್ಕವೂ ಹಾಗೇ ಇರ್ತವೆ."

"ಮತ್ತೆ ಹೆಮ್ಮೆ ಯಾತಕ್ಕೆ?"

"ಅದರ ಕಣ್ಣು ತಪ್ಪಿಸಿ ಏನೂ ಹೋಗಲ್ಲ ಅಮ್ಮ."

"ಸರಿ. ನಾಳೆ ನಿನಗೆ ನಾನೇ ತಪಾಸಿಗ."

ಮರುದಿನ ಅವನು ಎದ್ದ ಗಳಿಗೆಯಿಂದ ಗುರು ಬೆನ್ನು ಬಿಡಲಿಲ್ಲ.

"ಜೋಕೆ, ಹೊಸ್ತಿಲು."

"ಜೋಕೆ, ನೀರು ತಣ್ಣಗಿದೆ."

"ಜೋಕೆ, ಮುದ್ದೆ ಸುಡುತ್ತೆ." ಸ್ವಲ್ಪ ಹೊತ್ತಿನ ಮೇಲೆ, "ಜೋಕೆ, ಮುದ್ದೆ ಆರಿತು."

"ಜೋಕೆ, ಕಾಗೆ."

"ಕಾಗೆ ಏನು ಮಾಡುತ್ತೆ ಅಮ್ಮ?"

"ಏನೂ ಮಾಡಲ್ಲ. ಇದೆ ಅಂತ ಹೇಳಿದೆ."

ಮಧ್ಯಾಹ್ನದ ಹೊತ್ತಿಗೆ ವಸುಪಾಲ ಕಿವಿಗೊಡುವುದನ್ನೇ ಬಿಟ್ಟಿದ್ದ. ಅವರು ಏನು ಹೇಳಿದರೂ "ಹ್ಞೂಂ ಅಮ್ಮ" ಎನ್ನುತ್ತಿದ್ದ.

ಊಟವಾದ ಮೇಲೆ ಕೈ ತೊಳೆಯಲು ಕೆರೆಯ ಮೆಟ್ಟಿಲಿಳಿದ.

"ಜೋಕೆ, ಪಾಚಿ."

"ಹ್ಞೂಂ ಅಮ್ಮ," ಎಂದವನು ಜಾರಿ ಸೊಂಟದವರೆಗೆ ನೀರಿನಲ್ಲಿ ಕೂತ.

ತೂಬಿನ ಬಳಿಯಿದ್ದ ಸಣ್ಣೀರಪ್ಪ ಬಂದು ರಟ್ಟೆ ಹಿಡಿದು ಮೇಲಕ್ಕೆಳೆದ. "ನೀರಿನ ಮಟ್ಟ ನೋಡೋಕೆ ಇಳಿದ್ರಾ ಬುದ್ಧಿ? ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ."

"ಹೇಳಿದ್ದೆನಲ್ಲಪ್ಪ," ಎಂದರು ಗುರು ಶಿಷ್ಯನಿಗೆ.

"ಬೆಳಗಿನಿಂದ ಬರೀ ಜೋಕೆ, ಜೋಕೆ. ಯಾವುದನ್ನು ಕೇಳಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಒಂದಾದರೂ ಸುಳ್ಳು ಹೇಳಿದೆನಾ?"

ವಸುಪಾಲ ಪಂಚೆ ಹಿಂಡಿಕೊಂಡ.

"ಹಾಗಾದರೆ ನಾನೂರ ಹನ್ನೆರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ?"

"ಯಾವುದನ್ನು ಕೇಳಿದರೆ ಸಣ್ಣೀರಪ್ಪ ಎದ್ದು ಓಡಬೇಕೋ, ಅದನ್ನು."

ಸಣ್ಣೀರಪ್ಪ ಅರಳಿಕಟ್ಟೆಯ ಮೇಲೆ ಕಾಲು ಚಾಚಿ ಒರಗಿದ. ವಸುಪಾಲ ಎಚ್ಚರಿಕೆಗಳನ್ನು ಒಂದೊಂದಾಗಿ ಓದಿ, ಅರ್ಥ ಬಿಡಿಸಿ ಹೇಳತೊಡಗಿದ.

"ಇದಕ್ಕೆ ಏಳಲ್ಲ," ಎಂದ ಸಣ್ಣೀರಪ್ಪ. "ಇದಕ್ಕೂ ಏಳಲ್ಲ. ಇದಕ್ಕೆ ಮಗ್ಗುಲು ಬದಲಾಯಿಸಬಹುದು, ಅಷ್ಟೆ."

ಮುನ್ನೂರ ಎಂಟನೆಯದು ಬಂತು.

"ಕಂಬದ ಅಳತೆ ಮೊಳದಲ್ಲಿ ಬರುತ್ತಿದೆ. ಮುಂದೆ ಅದನ್ನು ಅಡಿಯ ಅಳತೆಯೊಂದಿಗೆ ಹೋಲಿಸಲಾಗಿದೆ."

ಸಣ್ಣೀರಪ್ಪ ಎದ್ದು ಕೂತ. "ಏನಂದ್ರಿ?"

ವಸುಪಾಲ ಆ ಸಾಲನ್ನು ಇನ್ನೊಮ್ಮೆ ಓದಿದ. ಕೆರೆಯೊಳಗಿನ ಕಲ್ಲುಕಂಬದ ಗೆರೆಗಳು ಹಿಂದಿನವರು ಕೆತ್ತಿದ್ದು, ಮೊಳದ ಲೆಕ್ಕ. ಒಂದು ಮೊಳಕ್ಕೆ ಒಂದೂವರೆ ಅಡಿ. ನೀರು ಒಂಬತ್ತು ಅಡಿ ಆದಾಗ ತೂಬು ತೆರೆಯಬೇಕು. ಅವನ ಪ್ರೋಗ್ರಾಂ ಒಂಬತ್ತು ಮೊಳ ಆಗುವ ತನಕ ಕಾಯುತ್ತಿತ್ತು.

"ಒಂಬತ್ತು ಮೊಳ ಅಂದ್ರೆ ಹದಿಮೂರೂವರೆ ಅಡಿ," ಎಂದ ಸಣ್ಣೀರಪ್ಪ. "ಏರಿ ಇರೋದೇ ಹನ್ನೆರಡಡಿ. ಅಷ್ಟೊತ್ತಿಗೆ ಏರೀನೂ ಇರಲ್ಲ, ತೂಬೂ ಇರಲ್ಲ. ನಿಮ್ಮ ಮೋಟಾರು ಯಾವ ಊರಲ್ಲಿ ಸಿಗುತ್ತೋ."

ವಸುಪಾಲ ಅಲ್ಲೇ ಕೂತು ಅದನ್ನು ತಿದ್ದಿದ. ಆಮೇಲೆ ಉಳಿದವನ್ನೂ ಓದಿದ. ಸಣ್ಣೀರಪ್ಪ ಇನ್ನೆರಡು ಸಲ ಎದ್ದ. ಅವನ್ನೂ ತಿದ್ದಿದ. ಮಿಕ್ಕ ನಾನೂರ ಒಂಬತ್ತರಂಥ ಮಾತು ಇನ್ನು ಆಡಕೂಡದೆಂದು ತಪಾಸಿಗನಿಗೆ ಬರೆದ. ಮತ್ತೆ ನಡೆಸಿದಾಗ ಅದು ಏನೂ ಹೇಳದೆ ಸುಮ್ಮನಿತ್ತು.

ಮಾರನೆಯ ಬೆಳಿಗ್ಗೆ ಮೂವರೂ ತೂಬಿನ ಬಳಿ ನಿಂತರು. ಮೋಡ ಕಟ್ಟಿತ್ತು. ವಸುಪಾಲ ಸ್ವಿಚ್ಚಿನವರೆಗೆ ಕೈ ಒಯ್ದು ಹಿಂದಕ್ಕೆ ತೆಗೆದ.

"ಏನಾಯಿತು?"

"ಅಷ್ಟೊಂದು ಮಾತು ಆಡದ ಹಾಗೆ ತಪಾಸಿಗನ ಬಾಯಿ ಮುಚ್ಚಿಸಿದೆ ಅಮ್ಮ. ಅದರಲ್ಲಿ ಒಂದು, ಎದ್ದು ಓಡಬೇಕಾದ್ದೇ ಆಗಿದ್ದರೆ?"

"ಭಯ ಆಗ್ತಿದೆಯಾ?"

"ಆಗ್ತಿದೆ."

"ಅದನ್ನು ತಪಾಸಿಗನಿಗೆ ಕಲಿಸೋಕಾಗಲ್ಲ," ಎಂದರು ಗುರು. "ನಿನ್ನ ಹತ್ತಿರವೇ ಇಟ್ಟುಕೊಂಡು ಸ್ವಿಚ್ ಒತ್ತು."