ಒರಳಿಗೆ ಬಿದ್ದ ಕುಂಕುಮ

ಭಂಗಿ ಸೊಪ್ಪು ಮಾರಬಹುದು, ಆದರೆ ಗುಡಿಯಿಂದ ನೂರು ಮಾರು ದೂರದಲ್ಲಿ ಮಾತ್ರ ಎಂದು ಕಾಡಿನ ಪಂಚಾಯಿತಿ ಕಾನೂನು ಮಾಡಿತು. ಮುಳ್ಳುಹಂದಿ ಕಾಡೆಲ್ಲ ಅಲೆದು, ಕೊನೆಗೆ ಸುಡುಗಾಡಿನಾಚೆಯ ಬರಡು ನೆಲದಲ್ಲಿ ಗುಡಿಸಲು ಹಾಕಿ, ಸೊಪ್ಪು ಕುಟ್ಟುವ ಕಲ್ಲಿನ ಒರಳನ್ನು ಬಾಗಿಲಲ್ಲಿಟ್ಟಿತು. ಪಂಚಾಯಿತಿಯಿಂದ ಅಳತೆಗೆ ಬಂದ ಏಡಿ, "ಇಲ್ಲಿ ದೇವರಿರಲಿ, ದೆವ್ವವೂ ಇಲ್ಲ. ನಾಳೆಯೇ ಅಂಗಡಿ ತೆರೆಯಮ್ಮ," ಎಂದಿತು.

ಗಿರಾಕಿಗಳು ತನ್ನನ್ನು ಕೈಬಿಟ್ಟಾರೆಂದು ಹೆಂಡ ಮಾರುವ ನರಿಗೆ ದಿಗಿಲಾಯಿತು. ಬೆಳಗಾಗುವಷ್ಟರಲ್ಲಿ ಅದು ಒರಳಿಗೆ ಕುಂಕುಮ ಬಳಿದು, ಕಣಗಿಲೆ ಹೂವಿಟ್ಟು, ಕೈಮುಗಿದು ನಿಂತಿತ್ತು. ಅದರ ಹಿಂದೆ ಅರ್ಧ ಕಾಡೇ ಕೈಮುಗಿದಿತ್ತು.

ಏಡಿ ಮತ್ತೆ ಬಂತು. "ಗುಡಿ ಇದೆಯಲ್ಲಮ್ಮ! ಅಂಗಡಿ ಎತ್ತು."

"ಅಯ್ಯೋ ಸ್ವಾಮಿ, ಇದು ನಮ್ಮಜ್ಜಿ ಕಾಲದ ಒರಳು! ನಿನ್ನೆ ನೀವೇ ಇದರ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಿರಲ್ಲ?"

"ಅದಕ್ಕೆ ಆಗಲೇ ಗಲ್ಲ ಬಡಿದುಕೊಂಡಿದ್ದೇನೆ."

ಮುಳ್ಳುಹಂದಿ ಒರಳಿನತ್ತ ತಿರುಗಿತು. "ನೀನಾದರೂ ನಿಜ ಹೇಳೋ."

"ಹುಟ್ಟಿದಾಗಿನಿಂದ ಪೆಟ್ಟೇ ತಿಂದೆ, ಅಕ್ಕ," ಎಂದಿತು ಒರಳು ಮೆಲ್ಲಗೆ. "ಇವತ್ತು ಮೊದಲ ಸಲ ಹೂವು ಸಿಕ್ಕಿದೆ. ನನ್ನನ್ನು ಕೇಳಬೇಡ."

ಮುಳ್ಳುಹಂದಿ ಒರಳನ್ನು ಅಲ್ಲೇ ಬಿಟ್ಟು, ಸೊಪ್ಪಿನ ಗಂಟು ಹೊತ್ತು, ಬೇರೆ ಜಾಗ ಹುಡುಕಿಕೊಂಡು ಹೊರಟಿತು. ದಾರಿಯುದ್ದಕ್ಕೂ ಕಲ್ಲುಗಳೇ ಇದ್ದವು.